ತಮ್ಮನ ಮೆಕ್ ಇನ್‌ಫೆಂಟ್ರಿ ಕಂಪನಿ ದಕ್ಷಿಣ ಸುಡಾನ್‌ಗೆ ಹೊಂಟೇತಿ: ಅಲ್ಲಿ ದಿನಾ ಹೆಂಗಿರ್ತೇತಿ, ಹೋಗಿ ಬಂದವರು ಹೇಳ್ರಿ

ಎರೆಹೊಲ · ರಾತ್ರಿ 8:40

ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಗದಗ ಜಿಲ್ಲಾ. ನನ್ನ ತಮ್ಮ ಏಳು ವರ್ಷದ ಹಿಂದ ರ‍್ಯಾಲಿಯೊಳಗ ಆಯ್ಕೆ ಆಗಿ ಆರ್ಮಿ ಸೇರಿದ. ಅಹಮದನಗರದಾಗ ಟ್ರೇನಿಂಗ್ ಮುಗಿಸಿ ಈಗ ಬಿಎಂಪಿ (ಸೈನಿಕರನ್ನ ಒಯ್ಯೂ ಚೈನಿನ ಯುದ್ಧದ ಗಾಡಿ) ಡ್ರೈವರ್ ಅದಾನ. ಹೋದ ವಾರ ಫೋನ್ ಮಾಡಿ, ನಮ್ಮ ಕಂಪನಿ ಯುಎನ್ ಶಾಂತಿಪಡೆಗೆ ಒಂದು ವರ್ಷ ದಕ್ಷಿಣ ಸುಡಾನ್‌ಗೆ ಹೊಂಟೇತಿ ಅಂದ. ಅವಂಗ ಹಿಡಿಸಲಾರದಷ್ಟು ಖುಷಿ. ಅವ್ವ ಮಾತ್ರ ಅವತ್ತಿಂದ ನೆಟ್ಟಗ ಉಂಡಿಲ್ಲ. ಟಿವಿಯೊಳಗ ಆ ಹೆಸರು ಬಂದ್ರ ಬರೇ ಹೊಗಿ, ಗುಂಡು.

ಅವನ್ನ ಕೇಳಿದ್ರ "ಏನೂ ಆಗಂಗಿಲ್ಲ ಬಿಡಪಾ" ಅಂತಾನ, ಮುಂದ ಒಂದು ಮಾತು ಹೇಳಂಗಿಲ್ಲ. ಹೋಗಿ ಬಂದವರು ಯಾರರೆ ಇದ್ರ ಹೇಳ್ರಿ. ಹೋಗೂ ಮೊದ್ಲ ಏನು ತರಬೇತಿ ಕೊಡ್ತಾರ? ಮುಂಜಾನಿಂದ ಸಂಜಿಮಟ ಏನು ಕೆಲಸ? ಆರ್ಮರ್ಡ್ ಗಾಡಿ ಅಂದ್ರ ಟ್ಯಾಂಕ್ ಇದ್ದಂಗ ಏನ್ರಿ, ಒಳಗ ಕೂತವರಿಗೆ ಧೋಕಾ ಇಲ್ಲೇನು?

ನಿವೃತ್ತ_ಹವಾಲ್ದಾರ್ · ರಾತ್ರಿ 9:05

ಮೊದಲು ಒಂದು ಮಾತು. ಬೆಟಾಲಿಯನ್ ನಂಬರ್, ಹೊರಡೋ ತಾರೀಕು, ಯಾವ ವಿಮಾನ, ಇದ್ಯಾವುದನ್ನೂ ಇಲ್ಲಿ ಬರೀಬೇಡಿ. ತಮ್ಮನ ಫೋಟೋನೂ ಬೇಡ. ಈವರೆಗೆ ಬರೆದಿರೋದು ಸಾಕು.

ನಾನು ಹಾಸನದ ಕಡೆಯವನು. ಹದಿನೇಳು ವರ್ಷ ಮೆಕ್ ಇನ್‌ಫೆಂಟ್ರಿ, ಅದರಲ್ಲಿ ಒಂದು ವರ್ಷ ಕಾಂಗೋ, 2009-10. ನಮ್ಮ ಸೈನ್ಯದಲ್ಲಿ ಆರ್ಮರ್ಡ್ ಅಂದ್ರೆ ಟ್ಯಾಂಕ್ ರೆಜಿಮೆಂಟ್. ನಿಮ್ಮ ತಮ್ಮ ಪದಾತಿ. ಗಾಡಿಯಲ್ಲಿ ಹೋಗಿ, ಇಳಿದು, ಕಾಲ ಮೇಲೆ ನಿಂತು ಹೋರಾಡೋನು. 1979ರಲ್ಲಿ ಹಳೇ ಪದಾತಿ ಬೆಟಾಲಿಯನ್‌ಗಳನ್ನ ಒಟ್ಟು ಸೇರಿಸಿ ಈ ರೆಜಿಮೆಂಟ್ ಕಟ್ಟಿದರು. ಇವತ್ತಿನ ಒಂದನೇ ಬೆಟಾಲಿಯನ್ ಮೊದಲು ಒಂದನೇ ಮದ್ರಾಸ್ ಆಗಿತ್ತು. ಈಗ ಎಲ್ಲಾ ರಾಜ್ಯದ ಹುಡುಗರೂ ಒಂದೇ ಗಾಡೀಲಿ ಇರ್ತಾರೆ.

ಬಿಎಂಪಿ-2 ಸುಮಾರು 14 ಟನ್. ಮೇಲೆ ಗೋಪುರದಲ್ಲಿ ಕಮಾಂಡರ್, ಗನ್ನರ್. ಮುಂದೆ ಡ್ರೈವರ್. ಇನ್ನು ಏಳು ಜನ ಇಳಿದು ಓಡೋರು. ರೈಫಲ್ ಗುಂಡು, ಸಿಡಿದ ಶೆಲ್ಲಿನ ಚೂರು ತಡೆಯುತ್ತೆ. ಆರ್‌ಪಿಜಿ, ಅಂದ್ರೆ ಹೆಗಲ ಮೇಲಿಂದ ಹಾರಿಸೋ ರಾಕೆಟ್, ತಡೆಯಲ್ಲ. ಸುಳ್ಳು ಹೇಳಿ ನಿಮಗೆ ಧೈರ್ಯ ಕೊಡೋಕೆ ನನಗೆ ಮನಸ್ಸಿಲ್ಲ. ಆದ್ರೆ ಅಲ್ಲಿನ ಬಹುಪಾಲು ದಿನಗಳಲ್ಲಿ ನಿಮ್ಮ ತಮ್ಮನ ಎದುರಾಳಿ ಕೆಸರು, ಮಲೇರಿಯಾ, ಮನೆ ನೆನಪು, ಈ ಮೂರೇ.

ಪ್ರಶ್ನೆಗಾರ · ರಾತ್ರಿ 9:11

ನಮ್ಮ ಗಡಿ ಕಾಯೋಕೇ ಜನ ಸಾಲದು. ಅವರ ದೇಶದ ಜಗಳಕ್ಕೆ ನಮ್ಮ ಹುಡುಗರು ಯಾಕೆ? ಡಾಲರ್ ಬರುತ್ತೆ ಅಂತಲೇ ಅಲ್ವಾ?

ಕಾಫಿತೋಟ · ರಾತ್ರಿ 9:20

> ಡಾಲರ್ ಬರುತ್ತೆ ಅಂತಲೇ ಅಲ್ವಾ?

ಪೂರ್ತಿ ತಿಳಿದು ಮಾತಾಡಿ. ಯುಎನ್ ತಲೆಗೆ ಇಷ್ಟು ಅಂತ ತಿಂಗಳಿಗೆ ಕೊಡೋದು ಹೌದು, 2018ರಲ್ಲಿ 1,428 ಡಾಲರ್ ಇತ್ತು. ಅದು ಹೋಗೋದು ಸರ್ಕಾರಕ್ಕೆ, ಸೈನಿಕನ ಕೈಗಲ್ಲ. ಅವನಿಗೆ ಎಷ್ಟು ಭತ್ಯೆ ಅನ್ನೋದನ್ನ ನಮ್ಮ ಸರ್ಕಾರ ನಿಗದಿ ಮಾಡುತ್ತೆ. ಗಾಡಿಗಳಿಗೆ ಬೇರೆ ಲೆಕ್ಕ. ಗಾಡಿ ಓಡೋ ಸ್ಥಿತಿಯಲ್ಲಿದ್ದರೆ ಮಾತ್ರ ಬಾಡಿಗೆ, ಮೂರು ತಿಂಗಳಿಗೊಮ್ಮೆ ಬಂದು ತಪಾಸಣೆ ಮಾಡ್ತಾರೆ.

ಇನ್ನು ನಮ್ಮ ಜಗಳ ಅಲ್ಲ ಅನ್ನೋ ಮಾತು. ಮಡಿಕೇರಿಯ ಜನರಲ್ ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೂ ಸೈಪ್ರಸ್‌ಗೆ ಹೋಗಿ ಶಾಂತಿಪಡೆ ನಡೆಸಿದವರು. 1965ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದೂ ಅಲ್ಲೇ. ಅವರಿಗೆ ಅದು ಯಾರದೋ ಜಗಳ ಅಂತ ಅನಿಸಿರಲಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರು ಸೈನ್ಯದಲ್ಲಿ ಇದ್ದಾರೆ, ಈ ಮಾತು ಕೇಳಿದಾಗಲೆಲ್ಲ ನೋವಾಗುತ್ತೆ.

ಪ್ರಶ್ನೆಗಾರ · ರಾತ್ರಿ 9:26

ನೋವು ಮಾಡೋಕೆ ಬರೆದಿಲ್ಲ. ಹಣ ಸರ್ಕಾರಕ್ಕೆ ಹೋಗುತ್ತೆ ಅನ್ನೋದು ಗೊತ್ತಿರಲಿಲ್ಲ, ಒಪ್ಪಿದೆ. ಆದ್ರೆ ಪ್ರಶ್ನೆ ಪ್ರಶ್ನೆಯಾಗೇ ಇದೆ.

ಟ್ರ್ಯಾಕ್‌ಪಿನ್ · ರಾತ್ರಿ 9:38

ಎರೆಹೊಲ ಅವರ, ನಾ ಬೆಳಗಾವಿಯಂವ. ಇಎಂಇಯೊಳಗ, ಅಂದ್ರ ಸೈನ್ಯದ ರಿಪೇರಿ ದಳದೊಳಗ ಇದ್ದೆ, ಬಿಎಂಪಿ ರಿಪೇರಿನ ನನ್ನ ಹೊಟ್ಟಿಪಾಡು ಆಗಿತ್ತು. ನಿಮ್ಮ ಹೆಸರು ನೋಡೇ ಬರೀಲಿಕ್ಕೆ ಕುಂತೆ. ದಕ್ಷಿಣ ಸುಡಾನದ ಜೊಂಗ್ಲೇಯ್ ಕಡೆ ಇರೂದು ನಿಮ್ಮ ಹೊಲದಾಗಿನ ಎರೆ ಮಣ್ಣ. ಅದ ಕರೀ ಬಣ್ಣ, ಬ್ಯಾಸಗಿಯೊಳಗ ಅದ ಬಿರುಕು. ಮಳಿ ಬಿದ್ದು ಎರಡು ತಾಸಿಗೆ ಬೂಟಿಗೆ ಹತ್ತಿದ್ದು ಎರಡು ಕಿಲೋ ತೂಗ್ತೇತಿ. ಮಳಿಗಾಲ ಹಿಡೀತಂದ್ರ ತಿಂಗಳಾನುಗಟ್ಲೆ ರಸ್ತೆ ಬಂದ್. ಹಳ್ಳಿಗೆ ಹೆಲಿಕಾಪ್ಟರೊಂದ ದಾರಿ.

ಗಾಲಿ ಇದ್ದ ಗಾಡಿ ಅಲ್ಲಿ ಹೂತು ಹೋಗಿ ಕುಂದರ್ತಾವ. ಚೈನಿನ ಗಾಡಿ ಅದಕ್ಕಿಂತ ಚಲೋ, ಆದ್ರ ಎರೆ ಮಣ್ಣು ರೋಲರ್ ಸಂದ್ಯಾಗ ಹೊಕ್ಕು ಒಣಗಿ ಕಲ್ಲಾಗ್ತೇತಿ. ಸಂಜಿಕ ತಗೀಲಿಲ್ಲಾಂದ್ರ ಮುಂಜಾನೆ ಗಾಡಿ ಅಳ್ತೇತಿ. ನಿಮ್ಮ ತಮ್ಮ ದಿನಾ ಸಲಿಕಿ, ಕಬ್ಬಿಣದ ಸರಳು ಹಿಡ್ಕೊಂಡು ಟ್ರ್ಯಾಕಿನ ಬುಡಕ್ಕ ಕುಂದರ್ತಾನ. ಒಕ್ಕಲುತನ ಮಾಡಿದ ಹುಡುಗ ಇದ್ರ ಅವಂಗ ಈ ಮಣ್ಣಿನ ಗುಣ ಹೇಳಿಕೊಡೂದು ಬ್ಯಾಡ.

ಎರೆಹೊಲ · ರಾತ್ರಿ 9:44

ಎತ್ತಿನ ಗಾಡಿ ಎರೆಯೊಳಗ ಹೂತಾಗ ಹೆಗಲು ಕೊಟ್ಟು ಎಬ್ಬಿಸಿದಂವ ರೀ ಅವ. ಇದನ್ನ ಅವ್ವಗ ಓದಿ ಹೇಳ್ದೆ. "ಅಲ್ಲೂ ಎರೆ ಐತೇನು?" ಅಂತ ಎರಡು ಸಲ ಕೇಳಿದ್ಲು.

ಕುಡ್ಲದ_ಮೀನು · ರಾತ್ರಿ 9:52

ನಾನು ದಕ್ಷಿಣ ಸುಡಾನಿನ ರಾಜಧಾನಿ ಜೂಬಾದಲ್ಲಿ ಎರಡು ವರ್ಷ ಒಂದು ವ್ಯಾಪಾರದ ಕಂಪೆನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಟಿವಿಯಲ್ಲಿ ಕಾಣುವಷ್ಟೇ ಅಲ್ಲ ಮಾರಾಯ್ರೆ ಆ ದೇಶ. ನೈಲ್ ನದಿಯ ದಡದಲ್ಲಿ ಮಾವಿನ ಮರಗಳು ಉಂಟು, ಜನ ನಗುತ್ತಾರೆ, ಮಾತಾಡಿಸುತ್ತಾರೆ. ದಿನ್ಕಾ ಜನರಿಗೆ ದನ ಅಂದರೆ ಜೀವ. ಉದ್ದ ಕೊಂಬಿನ ದನ, ಅವುಗಳ ಬಣ್ಣದ ಮೇಲೆ ಮಕ್ಕಳಿಗೆ ಹೆಸರಿಡುತ್ತಾರೆ. ಜಗಳ ಹುಟ್ಟುವುದೂ ದನ ಹೊಡೆದುಕೊಂಡು ಹೋದದ್ದಕ್ಕೆ. ನಿಮ್ಮ ತಮ್ಮ ಊರಿನ ಎತ್ತುಗಳ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಲಿ. ತೋರಿಸಿದರೆ ಮುದುಕರು ಕೂತು ಮಾತಾಡುತ್ತಾರೆ, ಭಾಷೆ ಬಾರದಿದ್ದರೂ.

ಓದುಗ_2 · ರಾತ್ರಿ 9:55

ನಮ್ಮ ಹಟ್ಟಿಯಲ್ಲೂ ಹಾಗೇ. ಕೆಂದ, ಕರಿಯ, ಬಿಳಿಯ. ಮಕ್ಕಳಿಗಲ್ಲ, ದನಕ್ಕೆ.

ನಿವೃತ್ತ_ಹವಾಲ್ದಾರ್ · ರಾತ್ರಿ 10:20

ತರಬೇತಿ ಬಗ್ಗೆ ಕೇಳಿದ್ದಿರಿ.

ಅಹಮದನಗರದಲ್ಲಿ, ಕೆಕೆ ರೇಂಜ್ ಅನ್ನೋ ಫೈರಿಂಗ್ ಮೈದಾನದಲ್ಲಿ ನಾವು ಕಲಿಯೋದು ಯುದ್ಧ. ಗಾಡಿ ಓಡ್ತಿರೋವಾಗಲೇ 30 ಮಿಮೀ ಗನ್ನಿನಿಂದ ಗುರಿ ಹೊಡಿಯೋದು, ಹಿಂಬಾಗಿಲಿಂದ ಜಿಗಿದು ಎರಡೂ ಪಕ್ಕ ಹರಡಿಕೊಳ್ಳೋದು, ನೀರಿನಲ್ಲಿ ಗಾಡಿ ತೇಲಿಸೋದು. ಬಿಎಂಪಿ ನೀರಲ್ಲಿ ಗಂಟೆಗೆ 7 ಕಿಮೀ ಹೋಗುತ್ತೆ, ಟ್ರ್ಯಾಕ್ ತಿರುಗೋ ಬಲದಿಂದಲೇ. ಮೊದಲ ಸಲ ನೀರಿಗೆ ಇಳಿಸಿದಾಗ ಒಳಗೆ ಕೂತ ಏಳೂ ಜನ ಉಸಿರೆತ್ತಿರಲಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಕೂತಿರ್ತೀವಿ, ನಡುವೆ ಡೀಸೆಲ್ ಟ್ಯಾಂಕ್, ಹಿಂಬಾಗಿಲಲ್ಲೂ ಡೀಸೆಲ್. ಬೇಸಿಗೆಯಲ್ಲಿ ಹ್ಯಾಚ್ ಮುಚ್ಚಿ ಒಂದು ಗಂಟೆ ಕೂತು ಇಳಿದರೆ ಸಮವಸ್ತ್ರ ಹಿಂಡಿ ಒಣಹಾಕಬಹುದು.

ಯುಎನ್ ಅಂತ ಹೆಸರು ಬಂದ ದಿನದಿಂದ ಪಾಠ ಬೇರೆ. ದೆಹಲಿಯಲ್ಲಿ 2000ದಿಂದ ಶಾಂತಿಪಾಲನಾ ಕೇಂದ್ರ ಇದೆ. ಯಾವಾಗ ಗುಂಡು ಹಾರಿಸಬಹುದು, ಯಾವಾಗ ಬಾರದು, ನಾಗರಿಕರ ರಕ್ಷಣೆ ಅಂದ್ರೆ ಏನು, ಹೆಂಗಸರು ಮಕ್ಕಳ ಜೊತೆ ನಡವಳಿಕೆ, ನಿರಾಶ್ರಿತರ ಸಾಲು ನಿಲ್ಲಿಸೋದು ಹೇಗೆ. ಹಳದಿ ಜ್ವರದ ಲಸಿಕೆ, ಮಲೇರಿಯಾ ಮಾತ್ರೆ. ಗಾಡಿಗೆ ಬಿಳಿ ಬಣ್ಣ, ಮೇಲೆ ಯುಎನ್ ಅಂತ ಕಪ್ಪಕ್ಷರ. ನನಗೆ ಈ ಬಣ್ಣ ಬಳಿಯೋದೇ ಅತಿ ಕಷ್ಟದ ತರಬೇತಿ ಅನಿಸಿತ್ತು. ಹತ್ತು ವರ್ಷ ಗಾಡಿಯನ್ನ ಪೊದೆ ಸಂದೀಲಿ ಅಡಗಿಸೋದು ಕಲಿತವನು ಈಗ ಎಲ್ಲರಿಗೂ ಕಾಣೋ ಹಾಗೆ ನಿಲ್ಲಿಸಬೇಕು. ಕಾಣಬೇಕು ಅನ್ನೋದೇ ಅಲ್ಲಿ ಕೆಲಸ. ಇದು ಮನಸ್ಸಿಗೆ ಇಳಿಯೋಕೆ ನನಗೆ ಎರಡು ತಿಂಗಳು ಹಿಡೀತು.

ಎರೆಹೊಲ · ರಾತ್ರಿ 10:24

ಕಾಂಗೋದಾಗ ನಿಮ್ಮ ದಿನಾ ಹೆಂಗಿತ್ರಿ? ಸ್ವಲ್ಪ ಬಿಡಿಸಿ ಹೇಳ್ರಿ.

ನಿವೃತ್ತ_ಹವಾಲ್ದಾರ್ · ರಾತ್ರಿ 10:58

ನಾವಿದ್ದದ್ದು ಗೋಮಾ ಸುತ್ತ, ಉತ್ತರ ಕಿವು. ಅಲ್ಲಿ ಎರೆ ಇಲ್ಲ, ಇರೋದು ಲಾವಾ ಕಲ್ಲು. ನ್ಯಿರಗೊಂಗೊ ಜ್ವಾಲಾಮುಖಿ 2002ರಲ್ಲಿ ಉಕ್ಕಿ ಊರಿನ ನಡುವೆಯೇ ಹರಿದಿತ್ತು, ಆ ಕಲ್ಲಿನ ಮೇಲೇ ಜನ ಮತ್ತೆ ಮನೆ ಕಟ್ಟಿಕೊಂಡಿದ್ದರು. ರಾತ್ರಿ ಸೆಂಟ್ರಿ (ಕಾವಲು) ನಿಂತಾಗ ಮೋಡಕ್ಕೆ ಕೆಳಗಿಂದ ಕೆಂಪು ಬೆಳಕು ಬಿದ್ದಿರೋದು. ಕುಲುಮೆ ಹತ್ತಿರ ನಿಂತ ಹಾಗೆ.

ಬೆಳಿಗ್ಗೆ ಐದಕ್ಕೆ ಎದ್ದು ಪಿಟಿ. ಆಮೇಲೆ ಗಾಡಿ: ಎಣ್ಣೆ, ನೀರು, ಬ್ಯಾಟರಿ, ಟ್ರ್ಯಾಕಿನ ಬಿಗಿತ, ಒಂದೊಂದು ಪಿನ್ನು. ಲಾವಾ ಕಲ್ಲು ರಬ್ಬರನ್ನ ಬ್ಲೇಡಿನ ಹಾಗೆ ಸೀಳುತ್ತೆ. ಒಂದು ಸಲ ಸಾಕೆ ಅನ್ನೋ ಊರಿನ ರಸ್ತೇಲಿ ನಮ್ಮ ಗಾಡಿ ಟ್ರ್ಯಾಕ್ ಕಳಚಿಕೊಂಡು ಅಡ್ಡ ನಿಂತಿತು. ಮಳೆ ಬೇರೆ. ನಾಲ್ಕು ಗಂಟೆ ಹೊಡೆದಾಟ. ಅಷ್ಟೊತ್ತಿಗೆ ಐವತ್ತು ಮಕ್ಕಳು ಸೇರಿದ್ದರು. ಅಲ್ಲಿ ಚುಕುಡು ಅಂತ ಮರದ ತಳ್ಳುಬಂಡಿ ಇದೆ, ಎರಡು ಮರದ ಚಕ್ರ, ಅದರ ಮೇಲೆ ಹತ್ತಾರು ಮೂಟೆ ಹೇರಿ ಇಳಿಜಾರಲ್ಲಿ ಬಿಡ್ತಾರೆ. ಒಬ್ಬ ಚುಕುಡುವಿನವನು ತನ್ನ ಹೊರೆ ಇಳಿಸಿ, ನಮ್ಮ ಕಬ್ಬಿಣದ ಸರಳಿಗೆ ಕೈ ಹಾಕಿ ನಿಂತ. "ಪೋಲೆ ಪೋಲೆ" ಅಂದ. ನಿಧಾನ, ನಿಧಾನ ಅಂತ. ಆಮೇಲೆ ನಮ್ಮ ಡ್ರೈವರ್‌ಗೆ ಅದೇ ಅಡ್ಡಹೆಸರಾಯ್ತು.

ಹತ್ತು ಗಂಟೆಗೆ ಗಸ್ತು. ಹಳ್ಳಿಗೆ ಹೋಗೋದು, ಸಂತೆ ದಿನ ಸಂತೆಗೆ ಬರೋ ಹೆಂಗಸರ ದಾರಿ ಕಾಯೋದು, ಮುಖ್ಯಸ್ಥನ ಹತ್ತಿರ ಮಾತಾಡೋದು. ದುಭಾಷಿ ಇಲ್ಲದೆ ಹೋದರೆ ಹೋದದ್ದೇ ವ್ಯರ್ಥ. ಸಂಜೆ ಮತ್ತೆ ಗಾಡಿ ಕೆಲಸ, ರಾತ್ರಿ ಸೆಂಟ್ರಿ. ಇನ್ನೊಂದು ವಿಚಾರ ಹೇಳಬೇಕು: ಅಲ್ಲಿ ಮಜುಕು ಅಂತಾರೆ, ಕೆಟ್ಟ ಗಾಳಿ. ನೆಲದಿಂದ ಏಳೋ ಇಂಗಾಲದ ಡೈಆಕ್ಸೈಡ್ ತಗ್ಗಿನಲ್ಲಿ ನಿಲ್ಲುತ್ತೆ, ಬಣ್ಣ ಇಲ್ಲ, ವಾಸನೆ ಇಲ್ಲ. ಆಡು ಕುರಿ ಮಲಗಿದಲ್ಲೇ ಸಾಯ್ತವೆ. ಗುಳಿ ತೋಡಿ ಅದರೊಳಗೆ ಕೂರೋದು ಪದಾತಿಯ ಮೊದಲ ಪಾಠ. ಅಲ್ಲಿ ಎಲ್ಲಿ ತೋಡಬೇಕು ಅಂತ ಊರಿನವರನ್ನ ಕೇಳಿಯೇ ತೋಡ್ತಿದ್ದೆವು.

ಇಡೀ ವರ್ಷ ನಮ್ಮ ಗಾಡಿಯ 30 ಮಿಮೀ ಒಂದು ಸುತ್ತೂ ಹಾರಲಿಲ್ಲ.

ಪ್ರಶ್ನೆಗಾರ · ರಾತ್ರಿ 11:06

ಇದನ್ನೇ ಕೇಳಬೇಕು ಅಂತಿದ್ದೆ. 2008ರ ನವೆಂಬರ್‌ನಲ್ಲಿ ಕಾಂಗೋದ ಕಿವಾಂಜಾ ಊರಲ್ಲಿ ಸುಮಾರು 150 ಜನರನ್ನ ಕೊಂದರು. ಯುಎನ್ ನೆಲೆ ಒಂದು ಮೈಲಿಗಿಂತ ಹತ್ತಿರದಲ್ಲೇ ಇತ್ತು, ಸೈನಿಕರು ಅದರೊಳಗೇ ಇದ್ದರು. ಒಂದು ಸುತ್ತೂ ಹಾರಿಸದೇ ಇರೋದು ಹೆಮ್ಮೆ ಪಡೋ ವಿಷಯವಾ?

ಕಾಫಿತೋಟ · ರಾತ್ರಿ 11:09

ಕಾಂಗೋದಲ್ಲೇ 1961ರ ಡಿಸೆಂಬರ್ 5ರಂದು ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಹದಿನಾರು ಗೂರ್ಖಾಗಳನ್ನ ಕಟ್ಟಿಕೊಂಡು ತೊಂಬತ್ತು ಜನರ ಮೇಲೆ ನುಗ್ಗಿ ಪ್ರಾಣ ಕೊಟ್ಟರು. ಎದುರಿಗೆ ಎರಡು ಕವಚದ ಕಾರುಗಳೂ ಇದ್ದವು. ಪರಮವೀರ ಚಕ್ರ. ಅದನ್ನ ಯಾಕೆ ಹೇಳಲ್ಲ ನೀವು?

ಪ್ರಶ್ನೆಗಾರ · ರಾತ್ರಿ 11:12

ಅದನ್ನ ಯಾರು ಅಲ್ಲಗಳೆದರು? ನಾನು ಕೇಳಿದ್ದು ಕಿವಾಂಜಾ.

ನಿವೃತ್ತ_ಹವಾಲ್ದಾರ್ · ರಾತ್ರಿ 11:31

ಕಾಫಿತೋಟ ಅವರೇ, ಅವರು ಕೇಳಲಿ. ನ್ಯಾಯವಾದ ಪ್ರಶ್ನೆ.

ಕಿವಾಂಜಾ ಆದ ಮರುವರ್ಷ ನಾವು ಹೋದದ್ದು. ಆ ಹೆಸರು ಹೇಳದ ಪಾಠವೇ ಇರಲಿಲ್ಲ. ಅಲ್ಲಿನ ನೆಲೆಯಲ್ಲಿದ್ದ ಸೈನಿಕರು ನೂರಿಪ್ಪತ್ತರಷ್ಟು ಜನ, ಆ ಸೀಮೆಯ ಭಾಷೆ ಬಲ್ಲ ದುಭಾಷಿಯೇ ಅವರ ಹತ್ತಿರ ಇರಲಿಲ್ಲ, ಊರೊಳಗೆ ಏನಾಗ್ತಿದೆ ಅಂತ ತಿಳಿಯೋ ದಾರಿಯೇ ಇರಲಿಲ್ಲ. ಇದನ್ನ ಸಮರ್ಥನೆ ಅಂತ ಹೇಳ್ತಿಲ್ಲ. ಸತ್ತವರ ಮನೆಯವರ ಮುಂದೆ ನಿಂತು ಇದನ್ನ ಹೇಳೋಕೆ ನನ್ನಿಂದ ಆಗಲ್ಲ. ಅದಾದ ಮೇಲೆ ನಾಗರಿಕ ಸಿಬ್ಬಂದಿ ಮತ್ತು ಸೈನಿಕರು ಜೊತೆಯಾಗಿ ಹಳ್ಳಿಗಳಲ್ಲಿ ದಿನಗಟ್ಟಲೆ ತಂಗೋ ತಂಡಗಳು ಬಂದವು. ನಾವು ವಾಪಸ್ ಬರೋ ಹೊತ್ತಿಗೆ ಪ್ರತಿ ನೆಲೆಗೂ ಊರಿನದೇ ಯುವಕರನ್ನ ಸಂಪರ್ಕ ಸಹಾಯಕರಾಗಿ ತಗೊಳ್ಳೋಕೆ ಶುರು ಮಾಡಿದ್ದರು. ಯಾವ ಹಳ್ಳಿಯಲ್ಲಿ ಭಯ ಇದೆ ಅಂತ ಫೋನ್ ಬರ್ತಿತ್ತು.

ಒಂದು ರಾತ್ರಿ ಹಾಗೇ ಬಂತು. ಎರಡು ಕಿಲೋಮೀಟರ್ ದೂರದ ಊರು, ಮಂಜು. ಮೂರು ಗಾಡಿ ಹೊರಟೆವು. ನಾನು ಗನ್ನರ್ ಸೀಟಿನಲ್ಲಿದ್ದೆ. ನೈಟ್ ಸೈಟಿನಲ್ಲಿ ಬಾಳೆತೋಟದಂಚಿಗೆ ಒಂಬತ್ತು ಹತ್ತು ಆಕೃತಿ. ಕೈಯಲ್ಲಿ ಏನಿದೆ ಅಂತ ಗೊತ್ತಾಗ್ತಿಲ್ಲ. ಗುದ್ದಲಿ ಇರಬಹುದು, ಎಕೆ ಇರಬಹುದು. ಕಮಾಂಡರ್ ದೀಪ ಎಲ್ಲಾ ಹಾಕಿಸಿ, ಮೂರೂ ಎಂಜಿನ್ ಏರಿಸಿ ಅಲ್ಲೇ ನಿಲ್ಲಿಸಿದರು. ಅರ್ಧ ಗಂಟೆ ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ಆಕೃತಿಗಳು ಕಾಡಿಗೆ ಸರಿದವು. ಬೆಳಗಾದ ಮೇಲೆ ಅದೇ ಬಾಳೆತೋಟದ ಹಿಂದಿನ ಗುಡಿಸಲಿನಿಂದ ಒಂದು ಅಜ್ಜಿ, ಐದು ಮಕ್ಕಳು ಹೊರಗೆ ಬಂದರು. ನಾನು ಒತ್ತಿದ್ದರೆ ಆ ಗುಡಿಸಲು ಉಳೀತಿರಲಿಲ್ಲ, 30 ಮಿಮೀ ಗುಂಡು ಮಣ್ಣಿನ ಗೋಡೆಗೆ ನಿಲ್ಲಲ್ಲ. ಹಾರಿಸಲಿಲ್ಲ ಅಂತ ನಾನು ಹೇಳಿದ್ದು ಇದನ್ನ ನೆನೆಸಿಕೊಂಡು.

ನಾವು ಬಂದ ಮೇಲೆ, 2010ರ ಆಗಸ್ಟ್‌ನಲ್ಲಿ, ಕಿರುಂಬಾದಲ್ಲಿ ನಸುಕಿಗೆ ಮುಂಚೆ ನೆಲೆಯ ಮೇಲೆ ಬಿದ್ದು ನಮ್ಮ ಮೂವರನ್ನ ಕೊಂದರು. ಸುದ್ದಿ ಕೇಳಿದಾಗ ನಾನು ರಜೆಯಲ್ಲಿ ಊರಲ್ಲಿದ್ದೆ, ಗದ್ದೆ ನಾಟಿ ನಡೀತಿತ್ತು.

ಪ್ರಶ್ನೆಗಾರ · ರಾತ್ರಿ 11:40

ಉತ್ತರಕ್ಕೆ ಧನ್ಯವಾದ. ನಿಜವಾಗಲೂ. ಕಳಿಸಬೇಕಾ ಅನ್ನೋದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದ್ರೆ ಕಳಿಸಿದರೆ ದುಭಾಷಿಗಳನ್ನ ಹೆಚ್ಚು ಕೊಡಿ ಅಂತ ನಾನೂ ಕೇಳ್ತೀನಿ.

ಕಾಫಿತೋಟ · ರಾತ್ರಿ 11:43

ಅದಕ್ಕೆ ನನ್ನದೂ ಸಹಿ.

ಕುಡ್ಲದ_ಮೀನು · ಬೆಳಿಗ್ಗೆ 6:50

ದಕ್ಷಿಣ ಸುಡಾನಿನದ್ದೂ ಮುಚ್ಚಿಡಬಾರದು. 2013ರ ಏಪ್ರಿಲ್ 9ಕ್ಕೆ ಗುಮುರುಕ್ ಹತ್ತಿರ ಬೆಂಗಾವಲು ತಂಡದ ಮೇಲೆ ಹೊಂಚುದಾಳಿ ಆಗಿ ಐದು ಭಾರತೀಯ ಸೈನಿಕರು ಹೋದರು. ಅದೇ ಡಿಸೆಂಬರ್‌ನಲ್ಲಿ ಅಕೋಬೋ ನೆಲೆಯೊಳಗೆ ಆಶ್ರಯ ಪಡೆದ ನಾಗರಿಕರನ್ನು ಕೊಲ್ಲಲು ನುಗ್ಗಿದವರು ಇಬ್ಬರು ಸೈನಿಕರನ್ನೂ ಕೊಂದರು. ಆಗ ಬೇಲಿಯೊಳಗೆ ಬಂದ ಸಾವಿರಾರು ಜನ ವರ್ಷಗಟ್ಟಲೆ ಅಲ್ಲೇ ಉಳಿದರು. ಒಂದು ಕಡೆ ಕಾವಲು ಗೋಪುರ, ಪಕ್ಕದಲ್ಲೇ ಟಾರ್ಪಾಲಿನ ಮನೆ, ಅದರೊಳಗೆ ಶಾಲೆ, ಸಂತೆ ಎಲ್ಲ. ನಮ್ಮ ಹುಡುಗರು ಕಾಯುತ್ತಿದ್ದದ್ದು ಅಂಥ ಜಾಗಗಳನ್ನು. ಆ ಜನರಿಗೆ ಬೇಲಿಯ ಹೊರಗೆ ಬಿಳಿ ಗಾಡಿ ನಿಂತದ್ದು ಕಂಡರೆ ನಿದ್ದೆ ಬರುತ್ತಿತ್ತು. ಒಬ್ಬ ಲಾರಿ ಚಾಲಕ ನನ್ನ ಹತ್ತಿರ ಹಾಗೆಯೇ ಹೇಳಿದ್ದ, ಅವನ ಹೆಂಡತಿ ಮಕ್ಕಳು ಅಂಥದೇ ಶಿಬಿರದಲ್ಲಿ ಇದ್ದರು.

ಟ್ರ್ಯಾಕ್‌ಪಿನ್ · ಬೆಳಿಗ್ಗೆ 7:15

ಸಿಯೆರಾ ಲಿಯೋನ್ ಮರೀಬ್ಯಾಡ್ರಿ. 2000ದಾಗ ಕೈಲಾಹುನ್‌ನೊಳಗ ನಮ್ಮ ಎರಡು ಕಂಪನಿ, ಒಂದು ಗೂರ್ಖಾ, ಒಂದು ಮೆಕ್ ಇನ್‌ಫೆಂಟ್ರಿ, ಎಪ್ಪತ್ತೈದು ದಿನ ಬಂಡಾಯಗಾರರ ಮುತ್ತಿಗಿಯೊಳಗ ಇದ್ರು. ಶಸ್ತ್ರ ಕೊಟ್ರ ಬಿಡ್ತೀವಿ ಅಂದ್ರೂ ಕೊಡ್ಲಿಲ್ಲ. ಜುಲೈದಾಗ ಜೋರು ಮಳಿಯೊಳಗ ಆಪರೇಷನ್ ಖುಕ್ರಿ ಮಾಡಿ ಹೊರಗ ಬಂದ್ರು. ನನ್ನ ಉಸ್ತಾದ್ ಈ ಕತಿ ಹೇಳುವಾಗೆಲ್ಲಾ ಒಂದ ಮಾತು ಹೇಳ್ತಿದ್ದ: ಮುತ್ತಿಗಿಯೊಳಗೂ ಅವರು ದಿನಾ ಗಡ್ಡಾ ಬೋಳಿಸಿ ಫಾಲ್ ಇನ್ ಆಗ್ತಿದ್ರಂತ, ಅಂದ್ರ ಸಾಲಾಗಿ ನಿಂದರ್ತಿದ್ರಂತ.

ಸೈನಿಕನ_ಮನೆಯಾಕೆ · ಬೆಳಿಗ್ಗೆ 9:30

ಎಲ್ಲರೂ ಗಾಡಿ, ಗುಂಡಿನ ಬಗ್ಗೆ ಬರೆದಿದ್ದೀರಿ. ಎರೆಹೊಲ ಅವರು ಕೇಳಿದ್ದು ತಾಯಿಗೋಸ್ಕರ. ನಾನು ಹೇಳ್ತೀನಿ.

ನಮ್ಮವರು ಹೋದಾಗ ಮಗಳಿಗೆ ಎರಡು ವರ್ಷ. ಕುಟುಂಬ ಕರೆದುಕೊಂಡು ಹೋಗೋ ಹಾಗಿಲ್ಲ. ಹೊರಡೋ ಮೊದಲು ಬ್ಯಾಂಕು, ನಾಮಿನಿ, ಜಮೀನಿನ ಪಹಣಿ ಎಲ್ಲಾ ಕೂತು ಸರಿಮಾಡಿಸಿಕೊಳ್ಳಿ. ಅಪಶಕುನ ಅಂತ ಮುಂದೂಡಬೇಡಿ, ನಾನು ಮುಂದೂಡಿ ಬಹಳ ಒದ್ದಾಡಿದೆ. ಸಮಯದ ವ್ಯತ್ಯಾಸ ಮೂರೂವರೆ ಗಂಟೆ, ನಮಗೆ ರಾತ್ರಿ ಊಟದ ಹೊತ್ತಿಗೆ ಅವರಿಗೆ ಸಂಜೆ. ಇಂಥ ವಾರ, ಇಷ್ಟು ಹೊತ್ತಿಗೆ ಅಂತ ಫೋನಿಗೆ ಗೊತ್ತು ಮಾಡಿಕೊಳ್ಳಿ. ಆದ್ರೆ ಒಂದು ವಾರ ಬರದೇ ಇದ್ದರೆ ಗಾಬರಿ ಬೀಳಬೇಡಿ. ಗಸ್ತಿಗೆ ಹೋದ ಕಡೆ ನೆಟ್‌ವರ್ಕ್ ಇರಲ್ಲ. ಮೊದಲ ಸಲ ಒಂಬತ್ತು ದಿನ ಫೋನ್ ಬರದಿದ್ದಾಗ ನಾನು ಯಾರ ಹತ್ತಿರವೂ ಮಾತಾಡದೆ ಕೂತಿದ್ದೆ. ಹತ್ತನೇ ದಿನ ಫೋನ್ ಮಾಡಿ ಅವರು ಕೇಳಿದ್ದು, ಬಾವಿ ಮೋಟರ್ ರಿಪೇರಿ ಆಯ್ತಾ ಅಂತ.

ಸುದ್ದಿ ಚಾನೆಲ್ ನೋಡೋದು ಬಿಡಿಸಿ. ತಾಯಿಗೆ ಅದೇ ಕಂಪನಿಯ ಇನ್ನೊಬ್ಬ ಹುಡುಗನ ತಾಯಿಯ ನಂಬರ್ ಕೊಡಿಸಿ. ಭಾಷೆ ಬೇರೆಯಾದರೂ ಪರವಾಗಿಲ್ಲ. ನನಗೆ ರಾಜಸ್ಥಾನದ ಒಬ್ಬ ಅಕ್ಕ ಸಿಕ್ಕಿದ್ದರು, ನನ್ನ ಹರುಕು ಹಿಂದಿಯಲ್ಲೇ ವರ್ಷ ಕಳೆದೆವು. ಈಗಲೂ ದೀಪಾವಳಿಗೆ ಫೋನ್ ಮಾಡ್ತಾರೆ.

ವಾಪಸ್ ಬಂದ ಮೇಲೂ ಸ್ವಲ್ಪ ದಿನ ಬಿಡಿ. ನಮ್ಮವರು ಮೂರು ತಿಂಗಳು ರಾತ್ರಿ ಎರಡಕ್ಕೆ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬರ್ತಿದ್ದರು. ಯಾಕೆ ಅಂತ ನಾನು ಕೇಳ್ತಿರಲಿಲ್ಲ. ಚಹಾ ಮಾಡಿಕೊಡ್ತಿದ್ದೆ.

ನಿವೃತ್ತ_ಹವಾಲ್ದಾರ್ · ಬೆಳಿಗ್ಗೆ 9:48

ಅಕ್ಕಾ, ನಮ್ಮ ಮನೆಯಲ್ಲೂ ಇದೇ ಆಗಿತ್ತು. ಯಾರೂ ಬರೆಯಲ್ಲ ಇದನ್ನ.

ಓದುಗ_2 · ಬೆಳಿಗ್ಗೆ 10:02

ಊಟ ಹೇಗಿರುತ್ತೆ ಅಲ್ಲಿ? ರೊಟ್ಟಿ ಸಿಗುತ್ತಾ?

ಟ್ರ್ಯಾಕ್‌ಪಿನ್ · ಬೆಳಿಗ್ಗೆ 10:10

ಲಂಗರಿನೊಳಗ, ಅಂದ್ರ ಸೈನ್ಯದ ಅಡಗಿಮನಿಯೊಳಗ, ದಾಲ್, ಚಪಾತಿ, ಅನ್ನ ಮಾಮೂಲು. ಜ್ವಾಳದ ರೊಟ್ಟಿ ಬಡಿಯಾವರು ಯಾರು? ಆದ್ರ ದಕ್ಷಿಣ ಸುಡಾನದಾಗ ಜ್ವಾಳ ಅವರ ಮುಖ್ಯ ಬೆಳೀ ರೀ. ಕಿಸ್ರಾ ಅಂತ ಜ್ವಾಳದ ಹಿಟ್ಟು ಹುಳಿ ಬರಿಸಿ ತೆಳ್ಳಗ ಹುಯ್ತಾರ, ನಮ್ಮ ದ್ವಾಸಿ ಇದ್ದಂಗ. ಹಿಟ್ಟು ಸಿಕ್ರ ನಿಮ್ಮ ತಮ್ಮ ತಾನ ಬಡೀಲಿ.

ಕುಡ್ಲದ_ಮೀನು · ಬೆಳಿಗ್ಗೆ 10:14

ಕಿಸ್ರಾ ಹೌದು. ಬೆಂಡೆಕಾಯಿ ಒಣಗಿಸಿ ಪುಡಿ ಮಾಡಿ ಹಾಕಿದ ಸಾರಿನ ಜೊತೆ ಒಳ್ಳೆದಾಗುತ್ತದೆ.

ಎರೆಹೊಲ · ಮಧ್ಯಾಹ್ನ 1:20

ಎಲ್ಲಾ ಓದಿ ಹೇಳ್ದೆ ರೀ ಅವ್ವಗ. ಕಿರುಂಬಾದ್ದು, ಗುಮುರುಕ್‌ದ್ದು ಸೈತ ಮುಚ್ಚಿಡಲಿಲ್ಲ, ಆಕಿನ ಎಲ್ಲಾ ಓದು ಅಂದ್ಲು. ಸುಮ್ನ ಕುಂತು ಕೇಳಿದ್ಲು. ಅಜ್ಜಿ ಮತ್ತ ಐದು ಮಕ್ಕಳು ಬಂದಿದ್ದು ಇನ್ನೊಮ್ಮೆ ಓದಿಸಿದ್ಲು. ಇವತ್ತ ಒಂದು ರೊಟ್ಟಿ ಹೆಚ್ಚಿಗಿ ಉಂಡಾಳ. ಶೇಂಗಾ ಚಟ್ನಿ ಕುಟ್ಟಾಕತ್ಯಾಳ, ಎಷ್ಟು ಕಿಲೋ ಒಯ್ಯಬಹುದು ಅಂತ ತಮ್ಮನ್ನ ಕೇಳಬೇಕು.

ಆಕೀದು ಒಂದ ಪ್ರಶ್ನೆ ಉಳಿದೇತಿ. ಗಾಡಿಯೊಳಗ ಅವ ಎಲ್ಲಿ ಕೂಡ್ತಾನ, ಒಬ್ಬನ ಇರ್ತಾನೇನು ಅಂತ ಕೇಳಾಕತ್ಯಾಳ.

ಟ್ರ್ಯಾಕ್‌ಪಿನ್ · ಮಧ್ಯಾಹ್ನ 1:34

ಮುಂದ, ಎಡಕ್ಕ. ಬಲಕ್ಕ ಎಂಜಿನ್ ಇರ್ತೇತಿ, ಆ ಕಡೆ ಯಾವಾಗಲೂ ಝಳ ಬಡೀತೇತಿ. ಒಬ್ಬನ ಅಲ್ಲ ಅಂತ ಹೇಳ್ರಿ ಅವ್ವಗ. ಅವನ ಬೆನ್ನಿಗೆ ಹತ್ತಿ ಇನ್ನೊಬ್ಬ ಹುಡುಗ ಕೂಡ್ತಾನ, ಕೈ ಚಾಚಿದ್ರ ಹೆಗಲು ಸಿಗ್ತೇತಿ.